ಉದಾಹರಣೆಗೊಂದು ಸಂಸಾರ

ಆಲಿಸ್ಟರ್ ಫೆನ್‌ವಿಕ್‌ನ ಕಣ್ಣಲ್ಲಿ ನೀರು ಬಹಳ ಸಲೀಸಾಗಿ ಬರುತ್ತಿತ್ತು. ಬಿಲ್ಕಿಸ್ ಇದನ್ನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಗಮನಿಸಿದ್ದಳು. ಯಾರಾದರೂ ಕಚೇರಿಗೆ ಬಂದು, ವೀಸಾ ತಿರಸ್ಕಾರವಾಯಿತು, ತಾಯಿಯನ್ನು ಕರೆಸಿಕೊಳ್ಳಲು ಬಿಡುತ್ತಿಲ್ಲ ಎಂದು ಶುರುಮಾಡಿದರೆ ಸಾಕು, ಆ ಎಂಪಿ ಮಹಾಶಯ ಕನ್ನಡಕ ತೆಗೆದು ಹೆಬ್ಬೆರಳಿನಿಂದ ಕಣ್ಣಂಚು ಒತ್ತಿಕೊಂಡು "ಹೇಳಿ, ಎಲ್ಲ ಹೇಳಿ" ಎನ್ನುತ್ತಿದ್ದ. ಬಂದವರು ಎಲ್ಲ ಹೇಳಿ ಹಗುರಾಗಿ ಹೋಗುತ್ತಿದ್ದರು. ಅವರ ಕೆಲಸ ಮಾತ್ರ ಬಿಲ್ಕಿಸಳ ಮೇಜಿನ ಮೇಲೆ ಉಳಿಯುತ್ತಿತ್ತು.

ಬಿಲ್ಕಿಸ್ ವಿಜಾಪುರದವಳು. ಅಲ್ಲಿನ ಜಿಲ್ಲಾ ಕೋರ್ಟಿನಲ್ಲಿ ವಕೀಲಿ ಮಾಡಿದವಳು. ಎದುರು ವಕೀಲರು ಅವಳ ವಾದಕ್ಕಿಂತ ಅವಳ ನಾಲಿಗೆಗೆ ಹೆಚ್ಚು ಹೆದರುತ್ತಿದ್ದರು. ಗಂಡ ಕಾಸಿಂಗೆ ವೆಲ್ಲಿಂಗ್ಟನ್ನಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಾಗ ಕರಿ ಕೋಟನ್ನು ಅಕ್ಕನ ಮನೆಯ ಟ್ರಂಕಿನಲ್ಲಿಟ್ಟು ಬಂದಿದ್ದಳು. ಇಲ್ಲಿ ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯುವ ತಾಳ್ಮೆ ಅವಳಿಗಿರಲಿಲ್ಲ. ಜಾನ್ಸನ್‌ವಿಲ್‌ನ ಶಾಪಿಂಗ್ ಸೆಂಟರಿನ ಎದುರಿಗೆ ಫೆನ್‌ವಿಕ್‌ನ ಕಚೇರಿಯಿತ್ತು. ವಲಸೆಯ ತಕರಾರು ಹೊತ್ತು ಬರುವವರನ್ನು ಮಾತಾಡಿಸಲು ಅವನಿಗೊಬ್ಬರು ಬೇಕಿತ್ತು. ಹೋಗಿ ಸೇರಿಕೊಂಡಳು. ಅವಳ ಹೆಸರು ಪೂರ್ತಿ ಹೇಳುವುದು ಅವನಿಗೆ ಆಯಾಸವೆನಿಸಿ 'ಬಿಲ್' ಎಂದು ಮೊಟಕು ಮಾಡಿಕೊಂಡ.

2007ರ ಜುಲೈಯಲ್ಲಿ, ಅಲ್ಲಿನ ಚಳಿಗಾಲದಲ್ಲಿ, ಅವನ ಅದೃಷ್ಟ ತೆರೆಯಿತು. ಆ ದೇಶದ ಪಾರ್ಲಿಮೆಂಟಿನಲ್ಲಿ ಮಂತ್ರಿಯಲ್ಲದ ಸದಸ್ಯರ ಮಸೂದೆಗಳು ಚರ್ಚೆಗೆ ಬರಬೇಕಾದರೆ ಲಾಟರಿಯಂತೆ ನಂಬರಿನ ಬಿಲ್ಲೆ ಎತ್ತುತ್ತಾರೆ. ಬಿಲ್ಲೆಗಳಿರುವುದು ಒಂದು ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ. ಆ ಗುರುವಾರ ಫೆನ್‌ವಿಕ್‌ನ ಬಿಲ್ಲೆ ಎದ್ದಿತು. ಮಾನವೀಯ ವಲಸೆ ಸುಧಾರಣೆಯ ಮಸೂದೆ ಎಂದು ಅವನು ಎಲ್ಲ ಕಡೆ ಹೇಳಿಕೊಂಡು ಬಂದ. ಅದನ್ನು ಬರೆದವಳು ಬಿಲ್ಕಿಸ್.

ಮಸೂದೆ ಒಳ್ಳೆಯದಿತ್ತು, ಅದೇ ದೊಡ್ಡ ಸಂಕಟ. ವರ್ಷಗಟ್ಟಲೆ ಇಲ್ಲೇ ದುಡಿದು ಬೇರು ಬಿಟ್ಟವರಿಗೆ, ಪರ್ಮಿಟ್ಟಿನ ಅವಧಿ ಮೀರಿದ್ದರೂ, ನೆಲೆ ನಿಲ್ಲಲು ಒಂದು ದಾರಿ. ಇಲ್ಲೇ ಹುಟ್ಟಿದ ಕೂಸಿಗೆ ಇಲ್ಲಿಯದೇ ಪೌರತ್ವ. ಹಿಂದಿನ ವರ್ಷದ ಜನವರಿಯಿಂದ ಅದನ್ನೂ ಸರ್ಕಾರ ಕಿತ್ತುಕೊಂಡಿತ್ತು. ಯಾರನ್ನೇ ಆಗಲಿ ವಿಮಾನ ಹತ್ತಿಸುವ ಮೊದಲು ಕೂರಿಸಿಕೊಂಡು ಅವರ ಮಾತು ಕೇಳುವ ವ್ಯವಸ್ಥೆ. ಧಣಿ ಮೋಸ ಮಾಡಿದರೆ ದಂಡ ಧಣಿಗೆ ಬೀಳಬೇಕು, ಆಳಿಗಲ್ಲ. ಪ್ರತಿಯೊಂದು ಕಲಮಿನ ಹಿಂದೆಯೂ ಬಿಲ್ಕಿಸ್ ತನ್ನ ಮೇಜಿನಾಚೆ ಕಂಡಿದ್ದ ಒಂದು ಮುಖವಿತ್ತು. ಇಂಥ ಮಸೂದೆ ಇಂಥವನ ಕೈಯಲ್ಲಿ ಬಂತಲ್ಲ ಎಂದು ಅವಳು ಒಮ್ಮೊಮ್ಮೆ ಹಲ್ಲು ಕಡಿದರೂ, ಯಾರ ಕೈಯಿಂದಾದರೂ ಆಗಲಿ, ಆದರೆ ಸಾಕು ಎಂದು ಸುಮ್ಮನಾಗುತ್ತಿದ್ದಳು.

ಆ ಮುಖಗಳಲ್ಲಿ ಬದರಿನಾಥನದೂ ಒಂದು. ಬಾಗಲಕೋಟೆ ಕಡೆಯವನು, ಹುಬ್ಬಳ್ಳಿಯ ಬೇಕರಿಯಲ್ಲಿ ಪಳಗಿದ ಕೈ. ವೆಲ್ಲಿಂಗ್ಟನ್ನಿನ ಹತ್ತಿರದ ಒಂದು ಬೇಕರಿಗೆ ಕೆಲಸದ ಪರ್ಮಿಟ್ ಮೇಲೆ ಬಂದವನು, ಆಮೇಲೆ ಹೆಂಡತಿ ಹಂಸಾಳನ್ನು ಕರೆಸಿಕೊಂಡ. ಧಣಿ ಪರ್ಮಿಟ್ ಮುಂದುವರಿಸುತ್ತೇನೆ, ಕಾಗದ ಕಳಿಸಿಯಾಗಿದೆ, ಇನ್ನೇನು ಬಂತು ಎನ್ನುತ್ತಲೇ ಇದ್ದು, ಒಂದು ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಆಸ್ಟ್ರೇಲಿಯಾ ಸೇರಿದ. ಕಾಗದ ಎಲ್ಲಿಗೂ ಹೋಗಿರಲಿಲ್ಲ. ಅಷ್ಟು ಹೊತ್ತಿಗೆ ಬದರಿ ಕಾನೂನಿನ ಪ್ರಕಾರ 'ಓವರ್‌ಸ್ಟೇಯರ್' ಆಗಿ ತಿಂಗಳುಗಳೇ ಕಳೆದಿದ್ದವು. ಮಗಳು ಇಳಾ ಹುಟ್ಟಿದ್ದೂ ಆ ಗಳಿಗೆಯಲ್ಲೇ. ವೆಲ್ಲಿಂಗ್ಟನ್ನಿನ ಆಸ್ಪತ್ರೆಯಲ್ಲಿ ಕಣ್ಣು ತೆರೆದ ಕೂಸು, ಅಪ್ಪ ಅಮ್ಮನ ಜೊತೆಗೆ ತಾನೂ ಅಕ್ರಮ ವಾಸಿ.

ಅವರು ಕಚೇರಿಗೆ ಬಂದ ದಿನ ಫೆನ್‌ವಿಕ್ ಯಥಾಪ್ರಕಾರ ಕನ್ನಡಕ ತೆಗೆದ. ಇಳಾಳನ್ನು ಎತ್ತಿಕೊಂಡ. ಅವಳು ಅವನ ಟೈ ಹಿಡಿದು ಜಗ್ಗಿದಾಗ ಫೋಟೋ ತೆಗೆಸಿಕೊಂಡ. ಅವರು ಹೋದ ಮೇಲೆ ಬಾಗಿಲ ಕಡೆ ನೋಡುತ್ತಾ ಹೇಳಿದ, "ಇವರೇ, ಬಿಲ್. ನಮ್ಮ ಮಸೂದೆಗೊಂದು ಮುಖ ಬೇಕಿತ್ತಲ್ಲ, ಇವರೇ."

ಮುಖ ಸಿಕ್ಕ ಮೇಲೆ ಬೆಂಬಲ ಬೇಕಾಯಿತು. ಬಿಲ್ಕಿಸ್ ಕನ್ನಡ ಸಂಘದ ಅಧ್ಯಕ್ಷ ವೆಂಕಟೇಶ್‌ನ ಮನೆಗೆ ಹೋದಳು. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್. ಗುಡ್ಡದ ಮೇಲಿನ ಅವನ ಮನೆಯ ಕಿಟಕಿಯಿಂದ ಇಡೀ ಬಂದರು ಕಾಣುತ್ತಿತ್ತು. ಅವನ ಹೆಂಡತಿ ರಮಾ ಕಾಫಿ, ಕೋಡುಬಳೆ ಇಟ್ಟಳು. ವೆಂಕಟೇಶ್ ಎಲ್ಲ ಕೇಳಿ, ಸೋಫಾಕ್ಕೆ ಒರಗಿ ಕೂತ.

"ನೋಡಿ ಮೇಡಂ, ತಪ್ಪು ತಿಳ್ಕೋಬೇಡಿ. ನಾವೆಲ್ಲ ಪಾಯಿಂಟ್ಸ್ ಮೇಲೆ ಬಂದಿರೋರು. ಓದು, ಅನುಭವ, ಇಂಗ್ಲಿಷು, ಎಲ್ಲಾ ಅಳೆದು ತೂಗಿ ಕರೆಸಿಕೊಂಡಿದಾರೆ. ಇವ್ರು ಕದ್ದು ಕೂತಿರೋರು. ಇವ್ರ ಪರ ನಿಂತ್ರೆ ನಮ್ಮ ಹೆಸರೂ ಅದರ ಜೊತೆಗೇ ಸೇರುತ್ತೆ."

"ಕದ್ದು ಕುಂತಿಲ್ರಿ ಅವರು. ಅವರ ಧಣಿ ಮೋಸ ಮಾಡ್ಯಾನ."

"ಅದು ಅವ್ರ ಧಣಿ ಸಮಸ್ಯೆ ಮೇಡಂ. ಸಂಘ ಇರೋದು ಸಂಸ್ಕೃತಿಗೆ."

ಬಿಲ್ಕಿಸ್ ಕೋಡುಬಳೆಯನ್ನು ಮುರಿದು ಬಾಯಿಗೆ ಹಾಕಿಕೊಂಡು, "ಸಂಸ್ಕೃತಿ ಚಲೋ ಆಗೇದ ನೋಡ್ರಿ, ಗರಿಗರಿ," ಎಂದಳು. ರಮಾ ನಗುವುದೋ ಬೇಡವೋ ತಿಳಿಯದೆ ಒಳಗೆ ಹೋದಳು.

ಮಸೂದೆಯ ಮೊದಲ ಚರ್ಚೆ ಮುಂದಿನ ಬುಧವಾರ ಎಂದು ಗೊತ್ತಾಯಿತು. ಅದಕ್ಕೆ ಮೊದಲಿನ ಶುಕ್ರವಾರ ಹಂಸಾ ಓಡುತ್ತಾ ಕಚೇರಿಗೆ ಬಂದಳು. ಗಾಳಿಗೆ ಕೂದಲು ಕೆದರಿತ್ತು. ಕಂಕುಳಲ್ಲಿ ಇಳಾ, ಕಾಲಲ್ಲಿ ಮನೆಯ ಚಪ್ಪಲಿ.

"ಅಕ್ಕಾರ, ಬಂದ್ರು. ಮುಂಜಾನೆ ಬಂದ್ರು. ಇವರನ್ನ ಕರಕೊಂಡು ಹೋಗ್ಯಾರ. ಮಂಗಳವಾರ ಮೂರೂ ಮಂದೀನ ವಿಮಾನ ಹತ್ತಸ್ತಾರಂತ. ನನಗ, ಗಂಟುಮೂಟಿ ಕಟ್ಕೊಂಡು ತಯಾರಿರು ಅಂದ್ರು."

"ಅಳಬ್ಯಾಡ, ಕೂಡು," ಎಂದು ಬಿಲ್ಕಿಸ್ ಕುರ್ಚಿ ಎಳೆದಳು. "ಇದಕ್ಕ ದಾರಿ ಅದ. ಯಾರರ ಒಬ್ಬ ಎಂಪಿ ಮಂತ್ರಿಗೆ ಒಂದು ಮಾತು ಹೇಳಿದ್ರ ಸಾಕು, ಮಂತ್ರಿ ವಿಚಾರ ಮಾಡೂ ತನಕ ಕಳಸೂದಿಲ್ಲ. ಇಲ್ಲಿ ಅದು ಪದ್ಧತಿ. ಒಳಗ ಕುಂತಾನಲ್ಲ, ಅವನ ಕೂಡ ಹೇಳಸ್ತೀನಿ."

ಒಳಗೆ ಫೆನ್‌ವಿಕ್ ಭಾಷಣವನ್ನು ಕನ್ನಡಿಯ ಎದುರು ಅಭ್ಯಾಸ ಮಾಡುತ್ತಿದ್ದ. ಬಿಲ್ಕಿಸ್ ಹೇಳಿದ್ದನ್ನೆಲ್ಲ ಗಂಭೀರವಾಗಿ ಕೇಳಿಸಿಕೊಂಡ. ಕಿಟಕಿಗೆ ಹೋಗಿ ರೈಲು ನಿಲ್ದಾಣದ ಕಡೆ ಮುಖ ಮಾಡಿ ನಿಂತ.

"ಬಿಲ್, ನನಗೆ ಎಷ್ಟು ನೋವಾಗ್ತಿದೆ ಅಂತ ನಿನಗೆ ಗೊತ್ತಿದೆ."

"ಗೊತ್ತಿದೆ. ಮಂತ್ರಿಗಳ ಕಚೇರಿಯವರು ಲೈನಿನಲ್ಲಿದ್ದಾರೆ. ಕೊಡಲಾ?"

"ಸ್ವಲ್ಪ ಯೋಚನೆ ಮಾಡು. ನಮ್ಮ ಮಸೂದೆ ಹೇಳೋದೇನು? ಮನುಷ್ಯರ ಬದುಕು ಮಂತ್ರಿಯ ದಯೆಗೆ ಬೀಳಬಾರದು ಅಂತ. ಈಗ ನಾನೇ ಹೋಗಿ ಅದೇ ದಯೆ ಕೇಳಿದರೆ? ಬುಧವಾರ ಆ ಮನುಷ್ಯ ಎದ್ದು ನಿಂತು, ನೋಡಿ, ಈಗಿರುವ ಕಾನೂನೇ ಎಷ್ಟು ದಯಾಮಯ, ಫೆನ್‌ವಿಕ್ ಕೇಳಿದ, ನಾವು ಕೊಟ್ಟೆವು ಅಂತಾನೆ. ಮಸೂದೆ ಅಲ್ಲೇ ಸತ್ತಿತು. ಒಂದು ಸಂಸಾರಕ್ಕಾಗಿ ಸಾವಿರಾರು ಸಂಸಾರಗಳನ್ನ ಬಿಟ್ಟುಕೊಡಲಾ?"

ವಾದ ಚೆನ್ನಾಗಿಯೇ ಇತ್ತು. ಕೋರ್ಟಿನಲ್ಲಾಗಿದ್ದರೆ ಬಿಲ್ಕಿಸ್ ತಲೆದೂಗುತ್ತಿದ್ದಳೇನೋ. ಆದರೆ ಗೋಡೆಯಾಚೆ ಇಳಾ ಕೆಮ್ಮುವುದು ಕೇಳಿಸುತ್ತಿತ್ತು.

"ಬುಧವಾರ ನೀವು ಭಾಷಣ ಮಾಡುವ ಹೊತ್ತಿಗೆ ಅವರು ಇಲ್ಲಿರುವುದೇ ಇಲ್ಲ," ಎಂದಳು. "ಯಾರನ್ನು ತೋರಿಸುತ್ತೀರಿ?"

ಅವನು ತಿರುಗಿದ. ಮುಖದಲ್ಲೊಂದು ಬೆಳಕಿತ್ತು, ಅದನ್ನು ಬಿಲ್ಕಿಸ್ ಎಷ್ಟೋ ವರ್ಷ ಮರೆಯಲಿಲ್ಲ. "ಅದನ್ನೂ ಯೋಚನೆ ಮಾಡಿದೀನಿ. ಗ್ಯಾಲರಿಯಲ್ಲಿ ಮೂರು ಕುರ್ಚಿ ಖಾಲಿ ಬಿಡಿಸ್ತೀನಿ. ಭಾಷಣದ ನಡುವೆ ಸುಮ್ಮನೆ ಕೈ ಎತ್ತಿ ಆ ಕಡೆ ತೋರಿಸ್ತೀನಿ. ಒಂದು ಮಾತೂ ಆಡೋದಿಲ್ಲ. ಒಬ್ಬರ ಕಣ್ಣೂ ಒಣಗಿರೋದಿಲ್ಲ, ಬಿಲ್."

ಬಿಲ್ಕಿಸಳಿಗೆ ಸಿಟ್ಟು ಬಂದರೆ ಮಾತು ಬರುತ್ತಿತ್ತು, ಹೇಸಿಗೆಯಾದರೆ ಬರುತ್ತಿರಲಿಲ್ಲ. ಕೈಯಲ್ಲಿದ್ದ ಫೋನನ್ನು ಇಟ್ಟು ಹೊರಗೆ ಬಂದಳು. ಹಂಸಾ ಎದ್ದು ನಿಂತು ಅವಳ ಮುಖ ನೋಡಿದಳು.

"ಆಗಲಿಲ್ಲೇನ್ರಿ?"

"ಇಂವ ಒಬ್ಬನ ಅಲ್ಲ ಎಂಪಿ. ನಡಿ, ರೈಲು ಹಿಡಿಯೂಣು."

ದಾರಿಯುದ್ದಕ್ಕೂ ಯಾರಲ್ಲಿಗೆ ಹೋಗುವುದೆಂದು ಯೋಚಿಸಿದಳು. ಫೆನ್‌ವಿಕ್‌ನ ಪಕ್ಷದವರು ಅವನನ್ನು ಕೇಳದೆ ಹೆಜ್ಜೆ ಎತ್ತುವವರಲ್ಲ. ಬೇರೆ ಪಕ್ಷದ ಸಭ್ಯರೆಲ್ಲ ಶುಕ್ರವಾರ ಮಧ್ಯಾಹ್ನಕ್ಕೇ ಊರು ಸೇರಿರುತ್ತಾರೆ. ಪಾರ್ಲಿಮೆಂಟಿನಲ್ಲಿ ಆ ಹೊತ್ತಿಗೆ ಖಂಡಿತ ಸಿಗುವವಳು ಒಬ್ಬಳೇ, ನೋಲೀನ್ ಹಾಗಾರ್ತ್. ಡನೀಡಿನ್ನಿಗೂ ಆಚೆಯ ಕುರಿ ಸಾಕುವ ಸೀಮೆಯವಳು, ಅಷ್ಟು ದೂರ ವಾರವಾರ ಹೋಗಿ ಬರುವವಳಲ್ಲ. ಬಂದವರನ್ನೆಲ್ಲ ಬಂದ ದಾರಿಯಲ್ಲೇ ಕಳಿಸಬೇಕು ಎಂದು ಹತ್ತು ವರ್ಷದಿಂದ ಸದನದಲ್ಲಿ ಕಿರುಚುತ್ತಿದ್ದವಳು. ಅವಳ ಭಾಷಣ ಕೇಳಿ ಕಾಸಿಂ ಒಮ್ಮೆ ಟಿವಿಯನ್ನೇ ಆರಿಸಿದ್ದ.

ನೋಲೀನ್ ಮೇಜಿನ ಮೇಲೆ ಕಾಲು ಚಾಚಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಹಂಸಾಳನ್ನೂ ಕೂಸನ್ನೂ ನೋಡಿ ಕಾಲು ಇಳಿಸಿದಳು, ಅಷ್ಟೇ.

"ಫೆನ್‌ವಿಕ್‌ನ ಕಚೇರಿಯವಳಲ್ವಾ ನೀನು? ದಾರಿ ತಪ್ಪಿ ಬಂದೆಯಾ?"

ಬಿಲ್ಕಿಸ್ ಸುತ್ತಿ ಬಳಸಲಿಲ್ಲ. ಬೇಕರಿಯ ಧಣಿಯ ಮೋಸ, ಮಂಗಳವಾರದ ವಿಮಾನ, ಬುಧವಾರದ ಭಾಷಣ, ಎಲ್ಲ ಹೇಳಿದಳು. ಮೂರು ಖಾಲಿ ಕುರ್ಚಿಯ ಮಾತು ಬಂದಾಗ ನೋಲೀನ್ ಸ್ಯಾಂಡ್‌ವಿಚ್ ಕೆಳಗಿಟ್ಟಳು.

"ಖಾಲಿ ಕುರ್ಚಿ ತೋರಿಸ್ತಾನಂತಾ?"

"ಹೌದು."

"ಕೈ ಎತ್ತಿ?"

"ಮಾತಾಡದೆ."

ನೋಲೀನ್ ನಗತೊಡಗಿದಳು. ಮೊದಲು ಭುಜ ಕುಣಿಯಿತು, ಆಮೇಲೆ ಇಡೀ ಮೈ. ಇಳಾ ಬೆಚ್ಚಿ ಅತ್ತಳು. ನೋಲೀನ್ ಕಣ್ಣೊರೆಸಿಕೊಂಡು ಫೋನ್ ಎಳೆದುಕೊಂಡಳು. ಮಂತ್ರಿ ಅವಳ ಎದುರು ಪಕ್ಷದವನೇ ಆದರೂ ಹೆಸರು ಹಿಡಿದೇ ಕರೆದಳು. ಬದರಿನಾಥನ ಹೆಸರನ್ನು ಮೂರು ಸಲ ತಪ್ಪಾಗಿ ಹೇಳಿ, ನಾಲ್ಕನೆಯ ಸಲ ಬಿಲ್ಕಿಸ್ ಹೇಳಿಕೊಟ್ಟಂತೆ ಹೇಳಿದಳು. "ಹೌದು, ನಾನೇ ಕೇಳ್ತಿರೋದು. ಇಲ್ಲ, ಕುಡಿದಿಲ್ಲ. ಅವನು ಬ್ರೆಡ್ ಬೇಯಿಸೋನು, ಕುಳಿತು ತಿನ್ನೋನಲ್ಲ. ನೀನು ನೋಡೋ ತನಕ ಕಳಿಸಬೇಡ. ಹ್ಞಾಂ, ಇವತ್ತೇ." ಫೋನಿಟ್ಟು ಮತ್ತೆ ಸ್ಯಾಂಡ್‌ವಿಚ್ ಎತ್ತಿಕೊಂಡಳು.

"ಆಯ್ತು, ಹೋಗಿ. ನಾನೇನೋ ಒಳ್ಳೆಯವಳಾದೆ ಅಂತ ತಿಳಿಯಬೇಡ. ಮಸೂದೆಯನ್ನು ಬುಧವಾರ ನಾನೇ ಮುಂದೆ ನಿಂತು ಸೋಲಿಸ್ತೀನಿ. ಆ ಅಳುಬುರುಕನ ಖಾಲಿ ಕುರ್ಚಿ ತುಂಬೋ ಅವಕಾಶ ಸಿಕ್ತು, ಬಿಡೋಕೆ ಮನಸ್ಸಾಗಲಿಲ್ಲ."

ಮೆಟ್ಟಿಲಿಳಿಯುವಾಗ ಹಂಸಾ ಕೇಳಿದಳು, "ಈಕಿ ಚಲೋ ಹೆಣಮಗಳೇನ್ರಿ ಅಕ್ಕಾರ?"

"ಅಲ್ಲ," ಎಂದಳು ಬಿಲ್ಕಿಸ್. "ಆದ್ರ ಕೆಲಸಕ್ಕ ಬಂದ್ಲು."

ಬದರಿ ಅಂದು ಸಂಜೆಯೇ ಮನೆಗೆ ಬಂದ. ಬುಧವಾರ ಮೂವರೂ ಗ್ಯಾಲರಿಯಲ್ಲಿ ಕೂತರು. ಬದರಿ ಯಾರದೋ ಕೋಟು ತೊಟ್ಟಿದ್ದ, ತೋಳು ಗಿಡ್ಡವಾಗಿತ್ತು. ಬಿಲ್ಕಿಸ್ ಅವರ ಪಕ್ಕದಲ್ಲಿ ಕೂತು ಫೆನ್‌ವಿಕ್ ಏನು ಮಾಡುತ್ತಾನೆಂದು ಕಾದಳು. ಅವನು ಎದೆಗುಂದಲಿಲ್ಲ. ನಡುವೆ ನಿಲ್ಲಿಸಿದ, ಗ್ಯಾಲರಿಯ ಕಡೆ ಕೈ ಎತ್ತಿದ, ನಡುಗುವ ದನಿಯಲ್ಲಿ ಹೇಳಿದ: "ನಾನು ಈ ಸಂಸಾರಕ್ಕಾಗಿ ಹಗಲಿರುಳು ಹೋರಾಡಿದೆ. ಇವತ್ತು ಅವರು ನಮ್ಮ ನಡುವೆ ಇದ್ದಾರೆ. ಆದರೆ ಅಂಥ ಎಷ್ಟು ಸಂಸಾರಗಳಿಗೆ ಒಬ್ಬ ಫೆನ್‌ವಿಕ್ ಸಿಗುತ್ತಾನೆ?"

ಎದುರು ಸಾಲಿನಲ್ಲಿ ನೋಲೀನ್‌ಳ ಬಾಯಿ ತೆರೆದಿದ್ದು ತೆರೆದೇ ಇತ್ತು. ತಾನು ಮಾಡಿದ್ದನ್ನು ಹೇಳುವಂತಿಲ್ಲ. ಹೇಳಿದರೆ ಅವಳ ಊರಿನ ಮತದಾರರು ಸುಮ್ಮನೆ ಬಿಡುವವರಲ್ಲ. ಆ ಲೆಕ್ಕಾಚಾರ ಫೆನ್‌ವಿಕ್‌ಗೆ ಚೆನ್ನಾಗಿಯೇ ತಿಳಿದಿತ್ತು. ಅವಳು ಎದ್ದು ಮಸೂದೆಯನ್ನು ಹರಿದು ಹಾಕುವಂತೆ ಮಾತಾಡಿದಳು. ಮಾತಾಡದಿದ್ದರೂ ಅದು ಬೀಳುತ್ತಿತ್ತು, ಎರಡು ದೊಡ್ಡ ಪಕ್ಷಗಳೂ ಮೊದಲೇ ತೀರ್ಮಾನಿಸಿದ್ದವು. ಬಿತ್ತು. ತಾನು ಬರೆದ ಕಲಮುಗಳು ಒಂದು ಗಂಟೆಯ ಹರಟೆಯಲ್ಲಿ ಮಣ್ಣಾಗಿದ್ದನ್ನು ಬಿಲ್ಕಿಸ್ ಮೇಲಿನಿಂದ ನೋಡಿದಳು. ಕೆಳಗೆ ಫೆನ್‌ವಿಕ್‌ನ ಬೆನ್ನು ತಟ್ಟುತ್ತಿದ್ದವರಿಗೆ ಕೊರತೆಯಿರಲಿಲ್ಲ.

ಮರುದಿನ ಅವನು ಅವಳನ್ನು ಒಳಗೆ ಕರೆದ. "ನೀನು ನೋಲೀನ್ ಹತ್ತಿರ ಹೋಗಿದ್ದೆ ಅಂತ ನನಗೆ ಸೋಮವಾರವೇ ಗೊತ್ತಾಗಿತ್ತು. ನಂಬಿಕೆ ಅನ್ನೋದು..." ಎಂದು ಶುರುಮಾಡಿದ.

"ಆ ಮಾತು ನಿಮ್ಮ ಬಾಯಿಂದ ಬೇಡ," ಎಂದು ಕಚೇರಿಯ ಕೀಲಿಕೈಯನ್ನು ಅವನ ಮೇಜಿನ ಮೇಲಿಟ್ಟು ಬಂದಳು. ಮನೆಯಲ್ಲಿ ಕಾಸಿಂ ಚಹಾ ಮಾಡಿ ಕೊಟ್ಟ, ಏನೂ ಕೇಳಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕೇಳಬಾರದ ಹೊತ್ತು ಯಾವುದೆಂದು ಅವನಿಗೆ ಗೊತ್ತಿತ್ತು. ಕೆಲವು ವಾರಗಳಲ್ಲಿ ಅವಳು ಬಡವರಿಗೆ ಉಚಿತ ಕಾನೂನು ಸಲಹೆ ಕೊಡುವ ಒಂದು ಸಣ್ಣ ಸಂಸ್ಥೆ ಸೇರಿದಳು. ಬದರಿ ಮತ್ತು ಹಂಸಾಗೆ ಎರಡು ವರ್ಷದ ಪರ್ಮಿಟ್ ಬಂತು. ಶಾಶ್ವತ ನೆಲೆ ಇನ್ನೂ ಮುಂದಿನ ಮಾತಾಗಿತ್ತು.

ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ಜಾನ್ಸನ್‌ವಿಲ್‌ನ ಹಾಲಿನಲ್ಲಿ ಕೆಂಪು ಹಳದಿ ಕಾಗದದ ತೋರಣ, ಬಿಸಿಬೇಳೆ ಬಾತಿನ ವಾಸನೆ. ಮುಖ್ಯ ಅತಿಥಿ ಆಲಿಸ್ಟರ್ ಫೆನ್‌ವಿಕ್. ಸಂಘದವರ ಅಪ್ಪ ಅಮ್ಮಂದಿರ ವೀಸಾಗಳನ್ನು ತಾನೇ ಮುಂದೆ ನಿಂತು ನೋಡಿಕೊಳ್ಳುವುದಾಗಿ ಅವನು ಮಾತು ಕೊಟ್ಟಿದ್ದ. ಸಂಘಕ್ಕೆ ಇದ್ದಕ್ಕಿದ್ದಂತೆ ಮಾನವೀಯತೆ ನೆನಪಾಗಿತ್ತು. ವೆಂಕಟೇಶ್ ಅವನ ತಲೆಗೆ ಮೈಸೂರು ಪೇಟ ಇಟ್ಟ, ಶಾಲು ಹೊದಿಸಿದ, ಗಂಧದ ಹಾರ ಹಾಕಿದ. 'ನಮ್ಮ ಕನ್ನಡದ ಒಂದು ಸಂಸಾರವನ್ನು ಉಳಿಸಿದ ಪುಣ್ಯಾತ್ಮ' ಎಂದು ಬಣ್ಣಿಸಿದ. ಕದ್ದು ಕೂತವರು ನಾಲ್ಕು ತಿಂಗಳಲ್ಲಿ 'ನಮ್ಮವರು' ಆಗಿ ಮುಂದಿನ ಸಾಲಿನಲ್ಲಿ ಕೂತಿದ್ದರು.

ಹಂಸಾಳನ್ನು ವೇದಿಕೆಗೆ ಕರೆದರು. ಬಿಲ್ಕಿಸ್ ಹಿಂದಿನ ಸಾಲಿನಲ್ಲಿ ನೆಟ್ಟಗೆ ಕೂತಳು. ಈಗ ಹೇಳುತ್ತಾಳೆ, ಇವಳಿಗೆಲ್ಲ ಗೊತ್ತಿದೆ, ಗೋಡೆಯಾಚೆ ಕೂತು ಕೇಳಿದವಳು. ಹಂಸಾ ಮೈಕಿನ ಮುಂದೆ ನಿಂತು, ಎರಡೂ ಕೈ ಮುಗಿದು, "ಸಾಹೇಬ್ರ ಉಪಕಾರ ಈ ಜನ್ಮದಾಗ ಮರಿಯಂಗಿಲ್ರಿ," ಎಂದು ಇಳಿದುಬಿಟ್ಟಳು. ಜೋರು ಚಪ್ಪಾಳೆ.

ಬಿಲ್ಕಿಸ್ ಎದ್ದು ಹಿಂದಿನ ಅಡುಗೆ ಕೋಣೆಗೆ ಹೋದಳು. ಹಂಸಾ ಅಲ್ಲಿ ಇಳಾಗೆ ಹಾಲು ಕುಡಿಸುತ್ತಿದ್ದಳು.

"ಸಾಹೇಬ್ರ ಉಪಕಾರ? ಯಾವ ಸಾಹೇಬ್ರದ ಹಂಸಾ?"

ಹಂಸಾ ತಲೆ ಎತ್ತಲಿಲ್ಲ. "ಬೈರಿ ಅಕ್ಕಾರ. ನನಗೂ ಹೊಟ್ಟ್ಯಾಗ ಬೆಂಕಿ ಅದ. ಖರೇ, ನಮ್ದು ಇನ್ನೂ ಪಕ್ಕಾ ಆಗಿಲ್ರಿ. ನಾಳೆ ಆ ಮನಷ್ಯಾನ ಅಡ್ಡ ನಿಂತ್ರ ಏನ್ ಮಾಡೂದು? ನಿಮಗಾದ್ರ ಪಾಸ್‌ಪೋರ್ಟ್ ಅದ, ಸಿಟ್ಟಿಗೇಳ್ತೀರಿ. ನಮಗ ಸಿಟ್ಟೂ ಪರ್ಮಿಟ್ ಮ್ಯಾಲೇ ನಡೀತದ."

ಬಿಲ್ಕಿಸಳ ತಿರಸ್ಕಾರವೆಲ್ಲ ಇಷ್ಟು ದಿನ ಬೇರೆಯವರ ಮೇಲಿತ್ತು. ಈಗ ಅದರಲ್ಲಿ ಒಂದು ಪಾಲು ತನ್ನ ಕಡೆಗೂ ತಿರುಗಿತು. ಇಳಾಳ ಗಲ್ಲ ಒರೆಸಿದಳು. ಅಷ್ಟರಲ್ಲಿ ವೆಂಕಟೇಶ್ ಬಾಗಿಲಲ್ಲಿ ಇಣುಕಿದ. "ಮೇಡಂ, ವಂದನಾರ್ಪಣೆ ನೀವೇ ಮಾಡ್ಬಿಡಿ. ಅವ್ರ ಹತ್ರ ಕೆಲಸ ಮಾಡಿದೋರು, ಚೆನ್ನಾಗಿರುತ್ತೆ."

ಬಿಲ್ಕಿಸ್ ವೇದಿಕೆ ಹತ್ತಿ ಕನ್ನಡದಲ್ಲೇ ಮಾತಾಡಿದಳು.

"ಹೂವು ತಂದವರಿಗೆ, ಅಡಗಿ ಮಾಡಿದವರಿಗೆ ವಂದನೆ. ಇನ್ನ, ಒಂದು ಸಂಸಾರ ಈ ದೇಶದಾಗ ಉಳೀತಂತ ಎಲ್ಲಾರೂ ಚಪ್ಪಾಳಿ ಹೊಡದ್ವಿ. ಯಾಕ ಉಳೀತು? ಯಾರೋ ಒಬ್ಬರ ಮನಸಿಗೆ ಬಂತು, ಉಳೀತು. ಬರದಿದ್ರ ಹೋಗ್ತಿತ್ತು. ಮಂದಿ ಮನಸಿಗೆ ಬಂದಾಗ ಸಿಗೂದಕ್ಕ ಭಿಕ್ಷಾ ಅಂತಾರ್ರಿ, ಕಾನೂನು ಅನ್ನೂದಿಲ್ಲ. ಒಳ್ಳೆ ಕಾನೂನು ಇದ್ದಲ್ಲಿ ಯಾರೂ ಯಾರಿಗೂ ಕೈ ಮುಗಿಬೇಕಾಗೂದಿಲ್ಲ. ಹಂಸಾ ಇವತ್ತ ಕೈ ಮುಗದ್ಲು. ಆಕಿ ಮುಗದ ಕೈ ಈ ದೇಶದ ಕಾನೂನಿಗೆ ನಾಚಿಕಿ. ನಾವು ಪಾಯಿಂಟ್ಸ್ ಮ್ಯಾಲೆ ಬಂದವರು, ನಮಗ ಯಾರೂ ಕೈ ಮುಗಿ ಅನ್ನಲಿಲ್ಲ. ಅದು ನಮ್ಮ ದೊಡ್ಡಸ್ತನ ಅಲ್ಲ. ನಮ್ಮ ಪಾಳಿ ಬಂದಾಗ ಬಾಗಿಲ ತೆರದಿತ್ತು, ಅಷ್ಟ."

ವೆಂಕಟೇಶ್ ಶಾಲಿನ ಖಾಲಿ ಪೆಟ್ಟಿಗೆಯನ್ನು ನೋಡುತ್ತಾ ನಿಂತಿದ್ದ. ಬದರಿ ಅದೇ ಗಿಡ್ಡ ತೋಳಿನ ಕೋಟಿನಲ್ಲಿ, ಕೈಗಳನ್ನು ತೊಡೆಯ ಮೇಲಿಟ್ಟು ತಲೆ ತಗ್ಗಿಸಿದ. ಒಂದಕ್ಷರವೂ ತಿಳಿಯದ ಫೆನ್‌ವಿಕ್ ಮಾತ್ರ ಪೇಟ ಅಲುಗುವಂತೆ ಚಪ್ಪಾಳೆ ತಟ್ಟಿದ. ಬೇರೆ ದಾರಿಯಿಲ್ಲದೆ ಉಳಿದವರೂ ತಟ್ಟಿದರು.

ಊಟದ ಹೊತ್ತಿಗೆ ಅವನು ತಟ್ಟೆ ಹಿಡಿದು ಅವಳ ಬಳಿಗೇ ಬಂದ. "ಎಷ್ಟು ಇಂಪಾದ ಭಾಷೆ, ಬಿಲ್! ಏನು ಹೇಳಿದೆ?"

ಅವಳು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಚಮಚೆ ನಿಲ್ಲಿಸಿ ಕೇಳಿದ. ಮುಖ ಕೆಂಪಗಾಗುತ್ತದೆ ಎಂದು ಅವಳು ಕಾದಳು.

"ಒಳ್ಳೆಯ ಕಾನೂನು ಇದ್ದಲ್ಲಿ ಯಾರೂ ಕೈ ಮುಗಿಯಬೇಕಾಗಿಲ್ಲ," ಎಂದು ಅವನು ಮೆಲ್ಲಗೆ ರುಚಿ ನೋಡುವವನಂತೆ ಮತ್ತೆ ಹೇಳಿಕೊಂಡ. "ಅದ್ಭುತ. ಇದನ್ನ ನಾನು ಬಳಸಿಕೊಳ್ಳಬಹುದಾ?"

ಮುಂದಿನ ವರ್ಷದ ಚುನಾವಣೆಯಲ್ಲಿ ಜಾನ್ಸನ್‌ವಿಲ್‌ನ ಮನೆ ಮನೆಗೂ ಬಂದ ಅವನ ಕರಪತ್ರದಲ್ಲಿ ಆ ಸಾಲು ದಪ್ಪಕ್ಷರದಲ್ಲಿತ್ತು, ಕೆಳಗೆ ಅವನ ಹೆಸರಿತ್ತು. ಗೆದ್ದ. ಸಂಘದವರ ಅಪ್ಪ ಅಮ್ಮಂದಿರಲ್ಲಿ ಒಬ್ಬರ ವೀಸಾವೂ ಅವನಿಂದ ಆಗಲಿಲ್ಲ ಎಂದು ಮುಂದೆ ವೆಂಕಟೇಶ್ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ.

ಬದರಿಗೆ ಹೊಸ ಬೇಕರಿಯೊಂದರಲ್ಲಿ ನೆಟ್ಟಗಿನ ಕೆಲಸ ಸಿಕ್ಕಿತು. ಅದರ ಆಧಾರದ ಮೇಲೆ ಬಿಲ್ಕಿಸ್ ಅರ್ಜಿ ಹಾಕಿಸಿ, ಹಿಂದೆ ಬಿದ್ದು, ಜಗಳವಾಡಿ, 2009ರ ಕೊನೆಗೆ ಶಾಶ್ವತ ನೆಲೆ ಕೊಡಿಸಿದಳು. ಸುದ್ದಿ ಬಂದ ದಿನ ಹಂಸಾ ಫೋನ್ ಮಾಡಿದಳು. "ಅಕ್ಕಾರ, ಕೈಯಾಗ ಬಂತ್ರಿ," ಎಂದು ಅತ್ತಳು, ಮೂಗೊರೆಸಿಕೊಂಡಳು. ಆಮೇಲೆ ಆಲಿಸ್ಟರ್ ಫೆನ್‌ವಿಕ್‌ನನ್ನು, ಅವನ ಕನ್ನಡಕ, ಅವನ ಶಾಲು, ಅವನ ಏಳು ತಲೆಮಾರು ಯಾವುದನ್ನೂ ಬಿಡದೆ, ಅಪ್ಪಟ ಬಾಗಲಕೋಟೆ ಭಾಷೆಯಲ್ಲಿ ಬೈಯತೊಡಗಿದಳು. ಬಿಲ್ಕಿಸ್ ಒಲೆ ಆರಿಸಿ, ಕುರ್ಚಿ ಎಳೆದುಕೊಂಡು, ಆರಾಮಾಗಿ ಕೂತು ಕೇಳಿದಳು.